‘ಕತೆ ಬೋರು ಮಾರಾಯ್ರೆ’ ಅಂದ್ರೆ ಎಂತ ಮಾಡುದು?

ಕಳೆದ ಸಲ ಈ ಅಂಕಣದಲ್ಲಿ ಕತೆಯ ಮೊದಲ ಪ್ಯಾರಾ ಹೇಗೆ ಬರೆಯೂದು ಅಂತ ಬರ್ದಿದ್ದೆ, ಆದ್ರೆ ಬಂದ ಕಾಗದ ಎಲ್ಲ ಕೊನೆ ಪ್ಯಾರಾ ಮುಗ್ದ ಮೇಲೆ ಆಗುವ ಗಲಾಟೆ ಬಗ್ಗೆ. ಅಂದ್ರೆ ಕತೆ ಬರ್ದಾಯ್ತು, ಯಾರೋ ಓದಿಯೂ ಆಯ್ತು, ಓದಿದವರು ಎಂತದೋ ಹೇಳಿಯೂ ಆಯ್ತು, ಈಗ ಬರೆದವರಿಗೆ ಮಂಡೆಬಿಸಿ, ರಾತ್ರಿ ನಿದ್ದೆ ಇಲ್ಲ. ನಾನೇನು ದೊಡ್ಡ ಸಾಹಿತಿ ಅಲ್ಲ, ಉಡುಪಿಯಲ್ಲಿ ಮನೆ ಕೆಲಸ ಮುಗ್ಸಿ ಮಧ್ಯಾಹ್ನ ಎರಡು ಗಂಟೆ ಬರೆಯುವವಳು, ಆದ್ರೆ ಬೈಗುಳ ತಿಂದ ಅನುಭವ ಮಾತ್ರ ಧಾರಾಳ ಉಂಟು. ಆ ಲೆಕ್ಕದಲ್ಲಿ ಉತ್ತರ ಕೊಡ್ತಾ ಇದ್ದೇನೆ. ಹೆಸರು ಹಾಕ್ಬೇಡಿ ಅಂತ ಸುಮಾರು ಜನ ಕೇಳಿದ್ರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಅಕ್ಕಾ, ನನ್ನ ಮೊದಲ ಕತೆ ನಮ್ಮೂರಿನ ಒಂದು ಸ್ಮರಣ ಸಂಚಿಕೆಯಲ್ಲಿ ಬಂತು. ಖುಷಿಯಲ್ಲಿ ಫೋಟೋ ತೆಗ್ದು ಫ್ಯಾಮಿಲಿ ಗ್ರೂಪಿಗೆ ಹಾಕಿದೆ. ನಮ್ಮ ದೊಡ್ಡಪ್ಪನ ಮಗ ಬೆಂಗಳೂರಲ್ಲಿ ಇರೂದು, ತುಂಬ ಓದ್ತಾರೆ, ಅವರು ‘ಓದಿದೆ. ಬೋರು. ಯಾಕೆ ಬರೆದದ್ದು ಗೊತ್ತಾಗ್ಲಿಲ್ಲ’ ಅಂತ ಹಾಕಿದ್ರು. ಅದರ ಕೆಳಗೆ ಯಾರೋ ನಗುವ ಎಮೋಜಿ. ಒಂದು ತಿಂಗಳಾಯ್ತು, ಪೆನ್ನು ಮುಟ್ಲಿಲ್ಲ. ನಾನು ಬರೀಲಿಕ್ಕೆ ನಾಲಾಯಕ್ಕಾ? ಕತೆಯ ಜೆರಾಕ್ಸ್ ಇಟ್ಟಿದ್ದೇನೆ. (ಗೃಹಿಣಿ, ಕಾರ್ಕಳ ಹತ್ರ)

ಉತ್ತರ: ಮೊದಲು ಆ ಎಮೋಜಿ ವಿಷಯ ಮುಗಿಸುವ. ಅದನ್ನು ಹಾಕಿದವರು ನಿಮ್ಮ ಕತೆ ಓದಿಲ್ಲ, ಬೇಕಾದ್ರೆ ಬರ್ದು ಕೊಡ್ತೇನೆ. ಗ್ರೂಪಲ್ಲಿ ಯಾರಾದ್ರೂ ಜಾರಿ ಬಿದ್ರೂ ಅದೇ ಎಮೋಜಿ ಬರ್ತದೆ. ಆದ್ರೆ ನಿಮಗೆ ಜಾಸ್ತಿ ನೋವಾದದ್ದು ಅದ್ರಿಂದಲೇ ಅಂತ ನನಗೆ ಅನ್ಸುದು, ನಾಲ್ಕು ಜನರ ಎದುರು ಆಯ್ತಲ್ಲ ಅಂತ. ಹೌದಾ ಅಲ್ವಾ ನೋಡ್ಕೊಳ್ಳಿ. ಹೌದಾದ್ರೆ ಅದು ಕತೆಯ ಸಮಸ್ಯೆಯೇ ಅಲ್ಲ, ಇನ್ನು ಮೇಲೆ ಕತೆಯನ್ನು ಫ್ಯಾಮಿಲಿ ಗ್ರೂಪಿಗೆ ಹಾಕ್ಬೇಡಿ, ಅಷ್ಟೆ.

ಇನ್ನು ನಿಮ್ಮ ಅಣ್ಣ. ಅವರು ಹೇಳಿದ್ದು ಮೂರು ಮಾತು, ಮೂರನ್ನೂ ಒಟ್ಟಿಗೆ ಗಂಟು ಕಟ್ಟಿ ತಲೆ ಮೇಲೆ ಹೊತ್ಕೊಂಡದ್ದು ನೀವು. ಬಿಚ್ಚಿ ನೋಡಿ. ‘ಓದಿದೆ’, ಬೆಂಗಳೂರಿನ ಟ್ರಾಫಿಕ್ಕಲ್ಲಿ ಕೂತು ಫೋನಲ್ಲಿ ಫೋಟೋ ದೊಡ್ಡ ಮಾಡಿ ಮಾಡಿ ನಾಲ್ಕು ಪುಟ ಓದಿದ್ದಾರೆ, ಅದಕ್ಕೆ ಒಂದು ಥ್ಯಾಂಕ್ಸ್ ಉಂಟು. ‘ಬೋರು’, ಅದಕ್ಕೆ ಎದುರು ಮಾತಿಲ್ಲ, ಸಾರು ಖಾರ ಆಯ್ತು ಅಂತ ಒಬ್ಬ ನೀರು ಕುಡಿದ್ರೆ ‘ಇಲ್ಲ ಇಲ್ಲ ಖಾರ ಆಗಿಲ್ಲ’ ಅಂತ ನಾವು ವಾದ ಮಾಡ್ಲಿಕ್ಕುಂಟಾ? ಅವರ ನಾಲಿಗೆ, ಅವರ ಖಾರ. ಮೂರನೇದ್ದು ‘ಯಾಕೆ ಬರೆದದ್ದು ಗೊತ್ತಾಗ್ಲಿಲ್ಲ’. ಇದರಲ್ಲಿ ಸ್ವಲ್ಪ ಸರಕು ಉಂಟು.

ನಿಮ್ಮ ಕತೆ ನಾನು ಎರಡು ಸಲ ಓದಿದೆ. ಹಳೇ ಹಲಸಿನ ಮರ ಕಡಿಯುವ ದಿನದ ಕತೆ. ಮೊದಲ ಒಂದೂವರೆ ಪುಟ ಮನೆ: ಚಾವಡಿ, ಬಾವಿಕಟ್ಟೆ, ತುಳಸಿಕಟ್ಟೆ, ಅಟ್ಟ, ಅಟ್ಟದ ಏಣಿ, ಏಣಿಯ ಮೂರನೇ ಮೆಟ್ಲು. ಮರ ಬರೂದು ಎರಡನೇ ಪುಟದ ಕೆಳಗೆ. ನಿಮ್ಮ ಅಣ್ಣ ಆ ಥರದ ಮನೆಯಲ್ಲೇ ಹುಟ್ಟಿ ಬೆಳೆದವರು, ಅವರಿಗೆ ಏಣಿಯ ಮೆಟ್ಲು ಎಂತಕ್ಕೆ? ಆದ್ರೆ ಮೂರನೇ ಪುಟದಲ್ಲಿ ಒಂದು ಜಾಗ ಉಂಟು ನೋಡಿ, ಹೊರಗೆ ಮೆಷಿನ್ ಗರಗಸ ಶಬ್ದ ಮಾಡ್ತಾ ಉಂಟು, ಅಜ್ಜಿ ಒಳಗೆ ಕೂತು ಹಲಸಿನ ಬೀಜಕ್ಕೆ ಕೆಂಪು ಮಣ್ಣು ಮೆತ್ತಿ ಮಳೆಗಾಲಕ್ಕೆ ಅಂತ ಎತ್ತಿಡ್ತಾ ಇದ್ದಾರೆ, ಬರುವ ವರ್ಷ ಈ ಕೆಲಸ ಇಲ್ಲ ಅಂತ ಅವರಿಗೆ ಗೊತ್ತುಂಟು, ಆದ್ರೂ ಒಂದೊಂದೇ ಬೀಜ ತಿರುಗ್ಸಿ ತಿರುಗ್ಸಿ ಮೆತ್ತುತ್ತಾರೆ. ಅಲ್ಲಿ ನಾನು ಓದೂದು ನಿಲ್ಲಿಸಿ ಸ್ವಲ್ಪ ಹೊತ್ತು ಕೂತೆ. ಕತೆ ಶುರು ಆಗ್ಬೇಕಾದ್ದು ಅಲ್ಲಿ. ಅಣ್ಣ ಬಹುಶಃ ಅಲ್ಲಿಗೆ ಬಂದು ಮುಟ್ಟುವಾಗ ಸುಸ್ತಾಗಿದ್ರು.

ಅವರಿಗೊಂದು ಫೋನ್ ಮಾಡಿ, ಗ್ರೂಪಲ್ಲಿ ಬೇಡ. ‘ಯಾಕೆ ಬೋರು’ ಅಂತ ಕೇಳ್ಬೇಡಿ, ಯಾಕೆ ಅಂತ ಕೇಳಿದ್ರೆ ಜನ ಭಾಷಣ ಶುರು ಮಾಡ್ತಾರೆ. ‘ಅಣ್ಣ, ಎಲ್ಲಿ ಬೋರು ಆಯ್ತು’ ಅಂತ ಕೇಳಿ. ‘ಎಲ್ಲಿ’ಗೆ ಪುಟ ತೋರಿಸ್ಲೇಬೇಕಾಗ್ತದೆ. ನನ್ನ ಅಂದಾಜು ಸರಿ ಇದ್ರೆ ಅವರು ಏಣಿ ಹತ್ರ ಬೆರಳಿಡ್ತಾರೆ.

ನಾಲಾಯಕ್ಕಾ ಅಂತ ಕೇಳಿದ್ರಲ್ಲ, ಮಣ್ಣು ಮೆತ್ತುವ ಅಜ್ಜಿಯನ್ನು ಬರೆದವರು ಆ ಪ್ರಶ್ನೆ ಕೇಳ್ಬಾರ್ದು.

ಪ್ರಶ್ನೆ: ಮೇಡಂ, ನನ್ನದು ಉಲ್ಟಾ ಕಷ್ಟ. ಯಾರಿಗೆ ಕತೆ ಕೊಟ್ರೂ ‘ಸೂಪರ್’, ‘ಸಕತ್’, ‘ಪುಸ್ತಕ ಮಾಡಿ ಸಾರ್’. ಆದ್ರೆ ಸ್ಪರ್ಧೆಗೆ ಕಳ್ಸಿದ್ರೆ ಸಮಾಧಾನಕರ ಬಹುಮಾನ ಕೂಡ ಇಲ್ಲ. ನಿಜ ಹೇಳುವವರನ್ನು ಎಲ್ಲಿಂದ ತರೂದು? (ಬ್ಯಾಂಕ್ ಉದ್ಯೋಗಿ, ಮಣಿಪಾಲ)

ಉತ್ತರ: ನೀವು ಬ್ಯಾಂಕಲ್ಲಿ ಇರೂದು, ನಿಮ್ಮ ಓದುಗರಲ್ಲಿ ಎಷ್ಟು ಜನ ನಿಮ್ಮ ಬ್ರಾಂಚಿನ ಲೋನ್ ಗಿರಾಕಿಗಳು ಅಂತ ಮೊದಲು ನೋಡಿ. ತಮಾಷೆಗೆ ಹೇಳಿದ್ದು. ಆದ್ರೆ ಪೂರ್ತಿ ತಮಾಷೆ ಅಲ್ಲ.

ನಮ್ಮ ಊರಲ್ಲಿ ಮದುವೆ ಊಟ ಆದ ಮೇಲೆ ಕೈ ತೊಳೆಯುವ ಜಾಗದಲ್ಲಿ ‘ಊಟ ಹೇಗಾಯ್ತು’ ಅಂತ ಕೇಳಿದ್ರೆ ಯಾರಾದ್ರೂ ‘ಸಾಂಬಾರು ಸಪ್ಪೆ’ ಅಂತ ಹೇಳೂದುಂಟಾ? ಎಲ್ಲರೂ ‘ಲಾಯ್ಕಾಯ್ತು’ ಅಂತಲೇ ಹೇಳೂದು. ಆದ್ರೆ ಅಡಿಗೆ ಭಟ್ಟರು ಕೇಳ್ಲಿಕ್ಕೆ ಹೋಗೂದಿಲ್ಲ, ಅವರು ಎಲೆ ನೋಡ್ತಾರೆ. ಎಲೆಯ ಕೊಡಿಯಲ್ಲಿ ಎಂತ ಉಳಿದಿದೆ, ಯಾವ ಪಲ್ಯ ಮುಟ್ಟಿಯೂ ನೋಡಿಲ್ಲ, ಪಾಯಸ ಎರಡನೇ ಸಲ ಎಷ್ಟು ಜನ ಹಾಕ್ಸಿಕೊಂಡ್ರು. ನೀವು ಕೈ ತೊಳೆಯುವ ಜಾಗದಲ್ಲಿ ನಿಂತಿದ್ದೀರಿ, ಸ್ವಲ್ಪ ಪಂಕ್ತಿ ಹತ್ರ ಬನ್ನಿ.

ನಾನು ಮಾಡೂದು ಹೇಳ್ತೇನೆ. ಕತೆ ಒಂದು ಹದಕ್ಕೆ ಬಂದ ಮೇಲೆ ಮಧ್ಯಾಹ್ನ ಗಂಜಿ ಊಟ ಆಗಿ ನಮ್ಮ ಮನೆಯವರು ಈಸಿಚೇರಲ್ಲಿ ಕೂತಾಗ ಗಟ್ಟಿಯಾಗಿ ಓದ್ತೇನೆ. ಅವರು ಕತೆಗಿತೆ ಓದುವವರಲ್ಲ, ಪೇಪರಲ್ಲಿ ಅಡಿಕೆ ರೇಟು, ಮರಣ ವಾರ್ತೆ, ಅಷ್ಟೆ. ಓದ್ತಾ ಓದ್ತಾ ನಾನು ಅವರ ಮುಖ ನೋಡೂದಿಲ್ಲ, ಮುಖ ಸುಳ್ಳು ಹೇಳ್ತದೆ, ನಲ್ವತ್ತು ವರ್ಷದ ಸಂಸಾರ ನೋಡಿ. ಕೈ ನೋಡ್ತೇನೆ. ಕೈ ಮೆಲ್ಲ ಪೇಪರ್ ಕಡೆ ಹೋಯ್ತು ಅಂತ ಆದ್ರೆ ಅದೇ ಸಾಲಿನ ಪಕ್ಕ ಪೆನ್ಸಿಲಲ್ಲಿ ಒಂದು ಗೀಟು. ಓದೂದು ನಿಲ್ಸೂದಿಲ್ಲ. ಮತ್ತೆ ಕೈ ವಾಪಸ್ ಬಂದ್ರೆ ಅಲ್ಲಿ ಒಂದು ಚುಕ್ಕಿ. ಕಳೆದ ವರ್ಷದ ಒಂದು ಕತೆಯಲ್ಲಿ ಆರು ಗೀಟು, ಒಂದೇ ಚುಕ್ಕಿ. ಕೊನೆಗೆ ಕೇಳಿದೆ, ಹೇಗುಂಟು ಅಂತ. ‘ಲಾಯ್ಕುಂಟು’ ಅಂದ್ರು. ಆ ಕತೆ ಈಗಲೂ ಕಪಾಟಲ್ಲಿ ಉಂಟು.

ಗಟ್ಟಿಯಾಗಿ ಓದಿದ್ರೆ ಇನ್ನೊಂದು ಲಾಭ, ನಮ್ಮ ನಾಲಿಗೆ ತಡವರಿಸುವ ಜಾಗ ನಮಗೇ ಗೊತ್ತಾಗ್ತದೆ. ನಾಲಿಗೆ ಸಿಕ್ಕಿ ಬಿದ್ದಲ್ಲಿ ವಾಕ್ಯ ಸರಿ ಇಲ್ಲ ಅಂತಲೇ ಲೆಕ್ಕ.

ಓದ್ಲಿಕ್ಕೆ ಕೊಡೂದಾದ್ರೆ ಪ್ರಿಂಟ್ ತೆಗ್ದು ಒಂದು ಪೆನ್ಸಿಲ್ ಜೊತೆ ಕೊಡಿ, ‘ಎಲ್ಲಿ ಎದ್ದು ಚಾ ಕುಡಿಲಿಕ್ಕೆ ಹೋದ್ರಿ ಅಲ್ಲಿ ಒಂದು ಗೆರೆ ಹಾಕಿ, ಬೇರೆ ಎಂತ ಬರಿಬೇಡಿ’ ಅಂತ ಹೇಳಿ. ಜನರಿಗೆ ಅಭಿಪ್ರಾಯ ಹೇಳ್ಲಿಕ್ಕೆ ಸಂಕೋಚ, ಗೆರೆ ಹಾಕ್ಲಿಕ್ಕೆ ಸಂಕೋಚ ಇಲ್ಲ. ಒಂದು ವಾರ ಬಿಟ್ಟು ಅವರನ್ನು ಬಸ್‌ಸ್ಟ್ಯಾಂಡಲ್ಲಿ ನೋಡಿದ್ರೆ, ಕತೆ ಹೇಗಿತ್ತು ಅಂತ ಕೇಳದೆ, ‘ಆ ಕತೆಯಲ್ಲಿ ಎಂತ ಆಗೂದು, ಒಮ್ಮೆ ಹೇಳಿ’ ಅಂತ ಕೇಳಿ. ಅವರು ವಾಪಸ್ ಹೇಳುವ ಕತೆಯಲ್ಲಿ ನಿಮ್ಮ ಅರ್ಧ ಪಾತ್ರಗಳು ಇರೂದಿಲ್ಲ, ನೀವು ಮೂರು ದಿನ ಕಷ್ಟಪಟ್ಟು ಬರ್ದ ಸೂರ್ಯಾಸ್ತ ಇರೂದಿಲ್ಲ, ನೀವು ಲೆಕ್ಕಕ್ಕೇ ತಕ್ಕೊಳ್ಳದ ಯಾವುದೋ ಆಟೋ ಡ್ರೈವರ್ ಇರ್ತಾನೆ. ಆ ಆಟೋದವನನ್ನು ಹಿಡ್ಕೊಳ್ಳಿ.

ಸ್ಪರ್ಧೆ ಬಗ್ಗೆ ಎಂತ ಹೇಳೂದು, ಅದು ಆ ದಿನದ ತೀರ್ಪುಗಾರರ ಊಟ ನಿದ್ದೆ ಮೇಲೂ ಹೋಗ್ತದೆ. ನಾನೂ ಒಂದೆರಡು ಕಡೆ ಕೂತಿದ್ದೇನೆ, ಗೊತ್ತುಂಟು.

ಪ್ರಶ್ನೆ: ಸಂಪಾದಕರು ಕತೆ ವಾಪಸ್ ಕಳ್ಸಿದ್ರು, ‘ಪ್ರಕಟಿಸಲು ಸಾಧ್ಯವಾಗುತ್ತಿಲ್ಲ’ ಅಂತ ಒಂದೇ ಸಾಲು. ಕಾರಣ ಕೇಳಿ ಕಾಗದ ಬರಿಬಹುದಾ? (ಸುಳ್ಯ)

ಉತ್ತರ: ಬೇಡ. ಆ ಸಾಲು ವಿಮರ್ಶೆಯೇ ಅಲ್ಲ, ಬಸ್ಸಲ್ಲಿ ಸೀಟಿಲ್ಲ ಅಂತ ಕಂಡಕ್ಟರ್ ಹೇಳಿದ ಹಾಗೆ. ಪುಟ ಇರ್ಲಿಲ್ಲ, ಅದೇ ವಿಷಯದ ಕತೆ ಮೊನ್ನೆ ಹಾಕಿದ್ದಾರೆ, ನಿಮ್ಮದು ಉದ್ದ ಆಯ್ತು, ಅಥವಾ ನಿಜವಾಗಿ ಹಿಡಿಸ್ಲಿಲ್ಲ, ಯಾವುದೂ ಆಗಿರಬಹುದು. ಇನ್ನೊಮ್ಮೆ ಓದಿ, ಇನ್ನೊಂದು ಕಡೆ ಕಳ್ಸಿ. ಒಂದೇ ಕತೆಯನ್ನು ಒಂದೇ ಹೊತ್ತಲ್ಲಿ ನಾಲ್ಕು ಕಡೆ ಮಾತ್ರ ಕಳ್ಸಬೇಡಿ ಮಾರಾಯ್ರೆ, ಎರಡು ಕಡೆ ಬಂದ್ರೆ ಮತ್ತೆ ಮುಖ ತೋರಿಸ್ಲಿಕ್ಕಾಗೂದಿಲ್ಲ.

ಪ್ರಶ್ನೆ: ಅಕ್ಕನವರಿಗೆ ನಮಸ್ಕಾರ. ನಾನು ಹವ್ಯಾಸಿ ತಾಳಮದ್ದಳೆ ಅರ್ಥಧಾರಿ, ಎರಡು ವರ್ಷದಿಂದ ಕತೆ ಬರೀತೇನೆ. ಒಬ್ಬ ಓದುಗರು ನನ್ನ ಕತೆಯಲ್ಲಿ ಗದ್ದೆ ಕೆಲಸದ ಕ್ರಮ ತಪ್ಪುಂಟು ಅಂತ ಬರ್ದಿದ್ದಾರೆ. ಅದು ಕತೆಗೆ ಮುಖ್ಯವೇ ಅಲ್ಲ. ನನಗೆ ಉತ್ತರ ಕೊಡದೆ ಕೂತ್ಕೊಳ್ಳಿಕ್ಕಾಗೂದಿಲ್ಲ. ಹೇಗೆ ಉತ್ತರಿಸ್ಲಿ? (ಕೋಟ)

ಉತ್ತರ: ನಿಮ್ಮ ಕಷ್ಟ ಅರ್ಥ ಆಗ್ತದೆ. ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ಮಾತೇ ಎಲ್ಲ, ಎದುರು ಕೂತ ಅರ್ಥಧಾರಿ ಒಂದು ಪ್ರಶ್ನೆ ಎತ್ತಿದ್ರೆ ಅಲ್ಲಿಯೇ ಆಗಲೇ ಉತ್ತರ ಬರ್ಬೇಕು, ಕೌರವ ‘ನಾಳೆ ಹೇಳ್ತೇನೆ’ ಅಂದ್ರೆ ಸಭೆ ಎದ್ದು ಹೋಗ್ತದೆ. ಆದ್ರೆ ಕತೆಯಲ್ಲಿ ಆ ಪದ್ಧತಿ ಇಲ್ಲ. ನಿಮ್ಮ ಮಾತು ಅಚ್ಚಾಗಿ ಮುಗ್ದಿದೆ, ಈಗ ಮಾತಾಡುವ ಸರದಿ ಅವರದ್ದು ಮಾತ್ರ.

ನನ್ನದೇ ಒಂದು ಕತೆ ಹೇಳ್ತೇನೆ, ಹೇಳ್ಲಿಕ್ಕೆ ನಾಚಿಕೆಯ ವಿಷಯ. ಐದಾರು ವರ್ಷ ಹಿಂದೆ ಮಲ್ಪೆಯ ಒಬ್ಬಳು ಹೆಂಗಸಿನ ಬಗ್ಗೆ ಬರ್ದಿದ್ದೆ, ಗಂಡ ಟ್ರಾಲ್ ಬೋಟಲ್ಲಿ ಕೆಲಸಕ್ಕೆ ಹೋದವನು ಹಿಂದೆ ಬರೂದಿಲ್ಲ. ಕತೆ ಶುರು ಆಗೂದೇ ಜುಲೈ ತಿಂಗಳ ಜಡಿಮಳೆ, ಕಪ್ಪು ಕಡಲು, ಬೋಟು ಹೊರಡ್ತದೆ. ನನಗೆ ಆ ಸಾಲುಗಳ ಮೇಲೆ ಭಾರಿ ಅಭಿಮಾನ. ಪ್ರಕಟ ಆಗಿ ಹತ್ತು ದಿನಕ್ಕೆ ಒಂದು ಕಾರ್ಡು ಬಂತು, ಮಲ್ಪೆಯಿಂದಲೇ. ಬರೆದವರು ಬೋಟಲ್ಲಿ ತಾಂಡೇಲ, ಅಂದ್ರೆ ಬೋಟು ನಡೆಸುವವರು, ಆಗಿದ್ದವರು. ‘ಅಮ್ಮಾ, ಜೂನ್ 1ರಿಂದ ಜುಲೈ 31ರ ತನಕ 61 ದಿನ ಬೋಟಿಗೆ ರಜೆ, ಸರಕಾರದ ನಿಷೇಧ. ನಿಮ್ಮ ಬೋಟು ಮಾತ್ರ ಹೇಗೆ ಹೋಯ್ತು? ಒಂದೋ ಅವನನ್ನು ನಾಡದೋಣಿಗೆ ಹತ್ತಿಸಿ, ಇಲ್ಲದಿದ್ರೆ ಸುಮ್ಮನೆ ಗಲ್ಫಿಗೆ ಕಳ್ಸಿ.’

ನನಗೆ ಮೈಯೆಲ್ಲ ಉರಿ. ಇದು ಮೀನುಗಾರಿಕೆ ಇಲಾಖೆಯ ವರದಿಯಾ, ಕತೆ ತಾನೆ, ಹೆಂಗಸಿನ ಸಂಕಟ ನೋಡ್ಲಿಕ್ಕೆ ಬಿಟ್ಟು ಕ್ಯಾಲೆಂಡರ್ ನೋಡ್ತಾರಲ್ಲ ಅಂತ ಎರಡು ಪುಟ ಉತ್ತರ ಬರ್ದೆ, ಭಾರಿ ಚಂದ ಬಂದಿತ್ತು ಆ ಉತ್ತರ, ಕತೆಗಿಂತ ಚಂದ. ಅಂಚೆಗೆ ಹಾಕುವಾ ಅಂತ ನೋಡಿದ್ರೆ ಮನೆಯಲ್ಲಿ ಲಕೋಟೆ ಇಲ್ಲ. ಮರುದಿನ ಆದಿತ್ಯವಾರ, ಪೋಸ್ಟಾಫೀಸು ಇಲ್ಲ. ಅಕ್ಕಿ ಡಬ್ಬಿ ಕೆಳಗೆ ಇಟ್ಟೆ. ಆ ಆದಿತ್ಯವಾರ ಸುಮ್ಮನೆ ಮಲ್ಪೆ ಬಸ್ಸು ಹತ್ತಿದೆ, ಅದು ಮಳೆಗಾಲವೇ, ಬಂದರಲ್ಲಿ ಬೋಟುಗಳು ಮೈಗೆ ಮೈ ತಾಗಿಸಿ ಸಾಲಾಗಿ ನಿಂತಿದ್ವು, ಎಷ್ಟು ಒತ್ತೊತ್ತಾಗಿ ಅಂದ್ರೆ ನಡುವೆ ನೀರು ಕಾಣೂದಿಲ್ಲ. ಶೆಡ್ಡಲ್ಲಿ ನಾಲ್ಕು ಜನ ಬಲೆ ಸರಿ ಮಾಡ್ತಾ ಕೂತಿದ್ರು. ಒಂದು ಬೋಟೂ ಅಲ್ಲಾಡ್ಲಿಲ್ಲ.

ಆಗ ಗೊತ್ತಾಯ್ತು, ತಪ್ಪು ಸಣ್ಣದಲ್ಲ ಅಂತ. ಆ ಊರಿನ ಪ್ರತಿ ಹೆಂಗಸಿಗೂ ಆ ಎರಡು ತಿಂಗಳು ಎಂತ ಅಂತ ಗೊತ್ತುಂಟು, ಗಂಡ ಮನೆಯಲ್ಲಿ, ಕೈಯಲ್ಲಿ ದುಡ್ಡಿಲ್ಲ. ನಾನು ಅದನ್ನೇ ನೋಡದೆ ಮಳೆಯ ವರ್ಣನೆ ಮಾಡ್ತಾ ಕೂತಿದ್ದೆ. ಅವರು ಹೇಳಿದ ಎರಡು ಉಪಾಯ ಮಾತ್ರ ನನಗೆ ಆಗ್ಲಿಲ್ಲ. ಗಲ್ಫಿಗೆ ಕಳ್ಸಿದ್ರೆ ಅದು ಬೇರೆ ಕತೆ, ನಾಡದೋಣಿಯ ಬದುಕು ನನಗೆ ಗೊತ್ತಿಲ್ಲ. ಹದಿನೈದು ದಿನ ತಲೆ ಕೆಡ್ಸಿಕೊಂಡು ಕತೆಯನ್ನು ಮೇ ಕೊನೆಗೆ ತಂದೆ. ಸಾಲ ಉಂಟು, ರಜೆ ಬೀಳುವ ಮೊದಲು ಒಂದು ಟ್ರಿಪ್ಪು, ಕೊನೆಯದ್ದು. ಮೊದಲಿನ ಪ್ರತಿಯಲ್ಲಿ ಅವಳು ಮಳೆಯಲ್ಲಿ ನಿಂತು ಅಳ್ತಿದ್ಲು. ಈಗ ಜೂನ್ ಒಂದರ ಬೆಳಿಗ್ಗೆ ಎಲ್ಲ ಬೋಟು ಬಂದು ಸಾಲಾಗಿ ನಿಂತಿವೆ, ಅವಳು ಬುಟ್ಟಿ ಕವುಚಿ ಹಾಕಿ ಕೂತು ಸಾಲು ನೋಡ್ತಾಳೆ, ನಡುವೆ ಒಂದು ಕಡೆ ನೀರು ಕಾಣ್ತದೆ. ಅಷ್ಟೆ. ಅಳೂದನ್ನು ತೆಗ್ದೆ.

ಆ ನೀರು ಕಾಣುವ ಜಾಗ ನನಗೆ ಕೊಟ್ಟದ್ದು ಆ ಕಾರ್ಡು. ನೋಯುವ ಜಾಗ ಅವರು ಸರಿಯಾಗಿ ಮುಟ್ಟಿ ತೋರಿಸಿದ್ರು, ಮದ್ದು ಮಾತ್ರ ಅವರದ್ದು ನಡಿಲಿಲ್ಲ, ಮತ್ತೆ ನನ್ನ ಅನುಭವದಲ್ಲಿ ಹತ್ತರಲ್ಲಿ ಎಂಟು ಸಲ ಹೀಗೇ ಆಗೂದು. ಹಾಗಾಗಿ ‘ಅವಳು ಕೊನೆಗೆ ಸಾಯ್ಬೇಕಿತ್ತು’ ಅಂತ ಯಾರಾದ್ರೂ ಹೇಳಿದ್ರೆ ಅವಳನ್ನು ಕೊಲ್ಲಲಿಕ್ಕೆ ಹೊರಡ್ಬೇಡಿ, ‘ಓ, ಕೊನೆಯಲ್ಲಿ ಇವರಿಗೆ ಎಂತದೋ ಕಮ್ಮಿ ಬಿತ್ತು’ ಅಂತ ಮಾತ್ರ ಬರ್ದಿಟ್ಕೊಳ್ಳಿ.

ನಿಮ್ಮ ಗದ್ದೆ ಕೆಲಸ ಕತೆಗೆ ಮುಖ್ಯ ಅಲ್ಲ ಅಂದ್ರಿ. ಮುಖ್ಯ ಅಲ್ಲದಿದ್ರೆ ಎಂತಕ್ಕೆ ಹಾಕಿದ್ದು? ಒಮ್ಮೆ ನೇಜಿ ನೆಡುವವರ ಹತ್ರ ಹೋಗಿ ನಿಂತು ನೋಡಿ ಬನ್ನಿ. ಆ ಓದುಗರಿಗೆ ‘ನೀವು ಹೇಳಿದ್ದು ಸರಿ, ನೋಡಿ ತಿದ್ದುತ್ತೇನೆ’ ಅಂತ ಒಂದು ಸಾಲು. ಎರಡನೇ ಸಾಲು ಬರೀಲಿಕ್ಕೆ ಕೈ ತುರಿಸ್ತದೆ, ಆಗ ಎದ್ದು ಹೋಗಿ ಯಾರ ಜೊತೆಯಾದ್ರೂ ತಾಳಮದ್ದಳೆ ಮಾಡಿ.

ಪ್ರಶ್ನೆ: ಅಮ್ಮಾ, ನಾನು ಮಂಗಳೂರಲ್ಲಿ ಡಿಗ್ರಿ ಓದ್ತಾ ಇದ್ದೇನೆ. ನನ್ನ ಕತೆಯಲ್ಲಿ ಸಂಭಾಷಣೆ ಸುಮಾರು ತುಳುವಲ್ಲಿ ಉಂಟು. ಮೈಸೂರು ಕಡೆಯ ಒಬ್ಬರು ಲೆಕ್ಚರರ್ ‘ತುಳು ತೆಗಿ, ಯಾರಿಗೂ ಅರ್ಥ ಆಗಲ್ಲ’ ಅಂದ್ರು. ಬಂಟ್ವಾಳದ ಫ್ರೆಂಡ್ ‘ಅದೇ ಚಂದ, ಒಂದಕ್ಷರ ಮುಟ್ಬೇಡ’ ಅಂದ. ಯಾರ ಮಾತು ಕೇಳೂದು?

ಉತ್ತರ: ನೀನು ನನ್ನ ಮೊಮ್ಮಗನ ಪ್ರಾಯದವನು, ನೀನು ಅಂತಲೇ ಕರೀತೇನೆ. ಈ ಜಗಳ ನಿನ್ನದೊಂದೇ ಅಲ್ಲ ಮಗಾ. ನಮ್ಮ ನಂದಳಿಕೆಯ ಮುದ್ದಣ ಗೊತ್ತುಂಟಲ್ಲ, 1870ರಲ್ಲಿ ಹುಟ್ಟಿ 1901ರಲ್ಲಿ ತೀರಿಹೋದ, ಬರೀ ಮೂವತ್ತೊಂದು ವರ್ಷ, ಉಡುಪಿಯಲ್ಲಿ ಡ್ರಿಲ್ ಮಾಸ್ಟ್ರು. ಆ ಮನುಷ್ಯನಿಗೆ ಓದುಗರ ಹೆದರಿಕೆ ಎಷ್ಟಿತ್ತು ಅಂದ್ರೆ ಬರ್ದದ್ದನ್ನು ತನ್ನದು ಅಂತ ಹೇಳದೆ ಯಾರೋ ಹಳೇ ಕವಿಯದ್ದು ಎಂಬ ಹಾಗೆ ಅಚ್ಚಿಗೆ ಕಳ್ಸಿದ್ದು. ಆದ್ರೆ ರಾಮಾಶ್ವಮೇಧದಲ್ಲಿ ಅವನು ಮಾಡಿದ ಕೆಲಸ ನೋಡು. ಮಳೆಗಾಲ, ಹೆಂಡತಿ ಮನೋರಮೆ ಕತೆ ಹೇಳು ಅಂತಾಳೆ, ಇವನು ದೊಡ್ಡ ದೊಡ್ಡ ಸಂಸ್ಕೃತ ಸಮಾಸ ಹಾಕಿ ಶುರು ಮಾಡ್ತಾನೆ, ಅವಳು ಅಲ್ಲೇ ತಡೀತಾಳೆ, ನೀರೇ ಇಳಿಯದ ಗಂಟಲಿಗೆ ಕಡುಬು ತುರುಕಿದ ಹಾಗಾಯ್ತು ಅಂತ. ಎಂಥ ವಿಮರ್ಶೆ! ನಮ್ಮ ಕಡೆ ಹೆಂಗಸಲ್ಲದಿದ್ರೆ ಕಡುಬು ಬರ್ತಿರ್ಲಿಲ್ಲ. ಕೊನೆಗೆ ಆ ಮಾತುಕತೆಯಲ್ಲೇ ಒಂದು ಹದ ಸಿಕ್ತದೆ, ಕನ್ನಡದ ಕರಿಮಣಿ ಸರದಲ್ಲಿ ನಡುನಡುವೆ ಸಂಸ್ಕೃತದ ಹವಳ ಪೋಣಿಸಿದ ಹಾಗೆ ಇರ್ಲಿ ಅಂತ. ಮನೋರಮೆಯ ಬಾಯಿಗೆ ಆ ಮಾತು ಹಾಕಿದ್ದೂ ಅವನೇ ಅಲ್ವಾ, ಬೈಸಿಕೊಳ್ಳೂದನ್ನೂ ತಾನೇ ಬರ್ಕೊಂಡ.

ನಿನ್ನ ಲೆಕ್ಚರರಿಗೆ ಗಂಟಲಲ್ಲಿ ಕಡುಬು ಸಿಕ್ಕಿದ್ದು ನಿಜ. ಬಂಟ್ವಾಳದವನ ಗಂಟಲಲ್ಲಿ ಇಳಿದದ್ದೂ ನಿಜ. ಇಬ್ಬರಲ್ಲಿ ಯಾರು ಸರಿ ಅಂತ ತೀರ್ಪು ಕೊಡ್ಬೇಡ, ನಿನ್ನ ಕತೆಯಲ್ಲಿ ತುಳು ಎಲ್ಲೆಲ್ಲಿ ಉಂಟು ಅಲ್ಲೆಲ್ಲ ಬೆರಳಿಟ್ಟು ‘ಇಲ್ಲಿ ಕನ್ನಡ ಹಾಕಿದ್ರೆ ಎಂತ ಹೋಗ್ತದೆ’ ಅಂತ ಕೇಳು. ‘ಎಂಚ ಉಲ್ಲರ್’ ಅಂತ ಏಳು ಕಡೆ ಉಂಟು, ಅಲ್ಲಿ ‘ಹೇಗಿದ್ದೀರಿ’ ಅಂತ ಹಾಕಿದ್ರೆ ಎಂತದೂ ಹೋಗೂದಿಲ್ಲ, ಒಂದು ಇಟ್ಟು ಆರು ತೆಗಿ.

ಆದ್ರೆ ಪಾಲು ಆಗುವ ದಿನ ಅಣ್ಣ ತಂಗಿಗೆ ಹೇಳ್ತಾನಲ್ಲ, ‘ಎಂಕ್ಲೆನ ಇಲ್ಲ್’ ಅಂತ, ಅದನ್ನು ಯಾರು ಹೇಳಿದ್ರೂ ಮುಟ್ಬೇಡ. ಕನ್ನಡದಲ್ಲಿ ‘ನಮ್ಮ ಮನೆ’ ಅಂದ್ರೆ ಎದುರು ನಿಂತವರೂ ಅದರಲ್ಲಿ ಸೇರ್ಬಹುದು, ಸೇರದೆಯೂ ಇರಬಹುದು, ಗೊತ್ತಾಗೂದಿಲ್ಲ. ತುಳುವಲ್ಲಿ ‘ನಮ್ಮ ಇಲ್ಲ್’ ಅಂದ್ರೆ ನೀನೂ ಸೇರಿ ನಮ್ಮದು, ‘ಎಂಕ್ಲೆನ ಇಲ್ಲ್’ ಅಂದ್ರೆ ನಿನ್ನನ್ನು ಬಿಟ್ಟು ನಮ್ಮದು. ಒಂದು ಶಬ್ದದಲ್ಲಿ ತಂಗಿಯನ್ನು ಮೆಟ್ಲು ಇಳಿಸಿ ಆಯ್ತು. ಇದನ್ನು ಕನ್ನಡ ಮಾಡಿದ್ರೆ ನಿನ್ನ ಕತೆಯೇ ಹೋಯ್ತು. ಮೈಸೂರಿನವರಿಗೆ ಇದು ಗೊತ್ತಾಗದ್ದು ನಿನ್ನ ತಪ್ಪು, ಅವರದ್ದಲ್ಲ, ಕೆಳಗೆ ಟಿಪ್ಪಣಿ ಹಾಕಿ ಕೈ ತೊಳ್ಕೊಳ್ಬೇಡ. ತಂಗಿ ಆ ಶಬ್ದವನ್ನು ಕೇಳಿಸಿಕೊಳ್ಳುವ ಹಾಗೆ ಬರಿ: ಮೊನ್ನೆ ಮೊನ್ನೆವರೆಗೆ ‘ನಮ್ಮ ಇಲ್ಲ್’ ಅಂತಿದ್ದವನು ಇವತ್ತು ‘ಎಂಕ್ಲೆನ’ ಅಂದ, ಆ ‘ನಾವು’ವಿನಲ್ಲಿ ಅವಳು ಇರ್ಲಿಲ್ಲ. ಇಷ್ಟು ಸಾಕು, ಬೀದರಿನವರಿಗೂ ಇಳೀತದೆ.

ನಿನ್ನ ಲೆಕ್ಚರರಿಗೆ ಆ ಕತೆ ತಿದ್ದಿ ಆದ ಮೇಲೆ ಮತ್ತೆ ಒಮ್ಮೆ ಕೊಡು. ಮೊದಲ ಸಲ ‘ಅರ್ಥ ಆಗಲ್ಲ’ ಅಂದವರೇ ಎರಡನೇ ಸಲ ಒಳ್ಳೆ ಓದುಗರಾಗೂದು.

ಪ್ರಶ್ನೆ: ನಾನು ನಿವೃತ್ತ ಅಧ್ಯಾಪಕ, ಊರಿನ ಹುಡುಗರು ಕತೆ ತಂದು ಕೊಡ್ತಾರೆ. ನಿಜ ಹೇಳಿದ್ರೆ ಮತ್ತೆ ಬರೂದಿಲ್ಲ, ಸುಳ್ಳು ಹೇಳ್ಲಿಕ್ಕೆ ಮನಸ್ಸಿಲ್ಲ. (ಕುಂದಾಪುರ)

ಉತ್ತರ: ಕೆಂಪು ಪೆನ್ನು ಬಚ್ಚಿಡಿ ಮಾಸ್ಟ್ರೇ, ಅರ್ಧ ಸಮಸ್ಯೆ ಅದು. ಕಾಗುಣಿತ ತಿದ್ದೂದು ಕೊನೆಗೆ. ‘ಇಲ್ಲಿ ನನಗೆ ಹೀಗಾಯ್ತು’ ಅಂತ ಹೇಳಿ, ‘ಇಲ್ಲಿ ನೀನು ಹೀಗೆ ಮಾಡ್ಬೇಕಿತ್ತು’ ಅಂತ ಬೇಡ. ಮತ್ತೆ ಒಂದು ಕತೆಯಲ್ಲಿ ಎರಡಕ್ಕಿಂತ ಹೆಚ್ಚು ತೊಂದರೆ ಒಂದೇ ದಿನ ಹೇಳ್ಬೇಡಿ. ಉಳಿದ ಒಂಬತ್ತು ಅವರಿಗೇ ಗೊತ್ತಾಗ್ತದೆ, ಅಥವಾ ಮುಂದಿನ ಕತೆಯಲ್ಲಿ ಹೇಳ್ಬಹುದು, ಅವರು ಬಂದ್ರೆ.

ಪ್ರಶ್ನೆ: ಅಕ್ಕಾ, ದಯವಿಟ್ಟು ಬೇಗ ಉತ್ತರ ಕೊಡಿ. ನನ್ನ ಕತೆಯಲ್ಲಿ ಒಬ್ಬಳು ಅತ್ತೆ ಬರ್ತಾಳೆ, ಸೊಸೆ ಮಾಡಿದ ಎಲ್ಲದಕ್ಕೂ ಕೊಂಕು. ನಮ್ಮ ಅತ್ತೆ ಓದಿ ‘ಇದು ನಾನೇ’ ಅಂತ ಮೂರು ದಿನದಿಂದ ಮಾತು ಬಿಟ್ಟಿದ್ದಾರೆ. ಗಂಡ ಹೇಳ್ತಾರೆ, ‘ನೀನು ಬರೀಲಿಕ್ಕೆ ಹೋದದ್ದೇ ತಪ್ಪು’ ಅಂತ. (ಪುತ್ತೂರು)

ಉತ್ತರ: ಮೊದಲು ನನಗೊಬ್ಬಳಿಗೆ ನಿಜ ಹೇಳಿ, ಅವರೇನಾ? ಆ ಪತ್ರೊಡೆ ವಿಷಯ, ಅದೇ, ಸೊಸೆ ಮಾಡಿದ ಪತ್ರೊಡೆ ಬಾಯಿಗೆ ಹಾಕಿ ‘ಕೆಸುವಿನ ಎಲೆ ತುರಿಸ್ತದೆ’ ಅಂತ ಹೇಳಿ, ಆದ್ರೂ ಮೂರು ತುಂಡು ತಿಂದು ಮುಗ್ಸೂದು, ಅದು ಕಲ್ಪನೆಯಲ್ಲಿ ಬರುವ ವಿಷಯ ಅಲ್ಲ, ನಿಮ್ಮ ಅಡಿಗೆಮನೆಯಲ್ಲಿ ನಡೆದದ್ದು. ಹಾಗಾದ್ರೆ ಅವರಿಗೆ ಸಿಟ್ಟು ಬಂದದ್ದರಲ್ಲಿ ಅನ್ಯಾಯ ಇಲ್ಲ. ಮನೆಯ ವಿಷಯ ಎತ್ತಿಕೊಳ್ಳೂದು ಎಲ್ಲ ಕತೆಗಾರರೂ ಮಾಡೂದೇ, ಆದ್ರೆ ಎತ್ತಿಕೊಂಡ ಮೇಲೆ ಬೇರೆ ಪಾತ್ರೆಗೆ ಹಾಕ್ಬೇಕು, ಹಾಗೇ ತಟ್ಟೆ ಸಮೇತ ಬಡಿಸಿದ್ರೆ ಮಾಡಿದವರಿಗೆ ತಮ್ಮ ತಟ್ಟೆ ಗುರ್ತ ಸಿಗ್ತದೆ. ಆ ಪತ್ರೊಡೆ ಮಾತನ್ನು ಒಬ್ಬ ನಾದಿನಿಯ ಬಾಯಿಗೆ, ಇಲ್ಲದಿದ್ರೆ ಮಾವನ ಬಾಯಿಗೆ ಹಾಕಿ ನೋಡಿ, ಕತೆ ಇನ್ನೂ ಚಂದ ಆಗ್ಲೂಬಹುದು.

ಇನ್ನೊಂದು, ಇದು ನಿಜವಾಗಿ ಟೀಕೆಯಾಗಿ ತಕ್ಕೊಳ್ಬೇಕಾದ್ದು. ನಿಮ್ಮ ಕತೆಯ ಅತ್ತೆಗೆ ಕೊಂಕು ಬಿಟ್ರೆ ಬೇರೆ ಕೆಲಸವೇ ಇಲ್ಲ. ತುರಿಸ್ತದೆ ಅಂತ ಹೇಳಿಯೂ ಮೂರು ತುಂಡು ಯಾಕೆ ತಿಂದ್ರು? ಅಲ್ಲೊಂದು ಹೆಂಗಸು ಇದ್ದಾಳೆ, ನೀವು ಅವಳನ್ನು ನೋಡದೆ ಮುಂದೆ ಹೋಗಿದ್ದೀರಿ. ನಿಮ್ಮ ಅತ್ತೆಗೆ ನೋವಾದದ್ದು ‘ಇದು ನಾನು’ ಅಂತ ಅಲ್ಲದೆ ‘ನಾನು ಇಷ್ಟೇಯಾ’ ಅಂತ ಇದ್ರೂ ಇರಬಹುದು.

ಮನೆಯಲ್ಲಿ ‘ಅದು ನೀವಲ್ಲ ಅತ್ತೆ’ ಅಂತ ಆಣೆ ಹಾಕ್ಬೇಡಿ, ಯಾರೂ ನಂಬೂದಿಲ್ಲ. ನಿಮ್ಮ ಯಜಮಾನರ ಹತ್ರ ಕತೆ ಓದಿದ್ದೀರಾ ಅಂತ ಒಮ್ಮೆ ಕೇಳಿ, ಓದಿರ್ಲಿಕ್ಕಿಲ್ಲ.

ನನಗೂ ಆಗಿದೆ ಇದು. ನಮ್ಮ ಚಿಕ್ಕಮ್ಮ ಒಬ್ಬರನ್ನು ಇಟ್ಕೊಂಡು ಒಂದು ಕತೆ ಬರ್ದಿದ್ದೆ, ನಡಿಗೆ, ಮಾತು, ಸೆರಗಿನ ತುದಿಯಲ್ಲಿ ಚಿಲ್ಲರೆ ಕಟ್ಟಿಕೊಳ್ಳೂದು, ಎಲ್ಲ ಅವರದ್ದೇ. ಕತೆ ಬಂದ ವಾರ ಅವರು ಮನೆಗೆ ಬಂದ್ರು, ನನಗೆ ಎದೆ ಡವಡವ. ಬಾಳೆಹಣ್ಣಿನ ಬನ್ಸ್ ತಿಂದು, ಚಾ ಕುಡ್ದು, ಸೆರಗಿನ ಗಂಟು ಬಿಚ್ಚಿ ಬಸ್ಸಿಗೆ ಚಿಲ್ಲರೆ ಎಣಿಸ್ತಾ ಹೇಳಿದ್ರು: ‘ನಿನ್ನ ಕತೆ ಓದಿದೆ ಮಾರಾಯ್ತಿ. ಅಬ್ಬ, ಎಂಥ ಹೆಂಗಸು ಅದು! ಅಂಥವಳು ನಮ್ಮ ಕುಟುಂಬದಲ್ಲಿ ಇದ್ದಿದ್ರೆ ನಾನು ಮನೆ ಬಿಟ್ಟು ಓಡಿ ಹೋಗ್ತಿದ್ದೆ.’